ಎರಡನೇ ಮೈಲಿ ಯಾರದ್ದು

ಮೋಹಿನಿ: ನಂಗ್ ಅರ್ಥ ಆದ್ದ್ ನಾ ಹೇಳ್ದೆ. ಅದ್ ತಪ್ಪಾರೆ ತಪ್ಪ್ ನಿಮ್ದ್, ನನ್ದಲ್ಲ.

ರವಿರಾಜ್: ಯೇಸು ಬೆಟ್ಟದ ಮೇಲೆ ಕೂಕಂಡ್ ಅಷ್ಟ್ ಜನಕ್ಕೆ ವಾಕಿಂಗ್ ಮಾಡಿ ಅಂದೇಳಿ ಹೇಳ್ತ್ರಾ ಮಾರಾಯ್ತಿ?

ಮೋಹಿನಿ: ಎಂತಕೆ ಹೇಳುಕಾಗ? ನಿಮ್ಗೆ ಡಾಕ್ಟ್ರ್ ಹೇಳದ್ದೂ ಅದೇ ಅಲ್ದಾ? ಒಂದ್ ಮೈಲಿ ಬಾ ಅಂದೇಳಿ ಜೊತಿಯರ್ ಒತ್ತಾಯ ಮಾಡಿರೆ ಎರಡ್ ಮೈಲಿ ಹೋಯ್ಕ್. ಸಕ್ಕರೆ ಇಳಿತ್ತ್. ನಂಗೆ ಲಾಯ್ಕ್ ಮಾತ್ ಅಂದೇಳಿ ಕಂಡ್ತ್.

ರವಿರಾಜ್: ಬರ್ಕಂತೆ. ಕೇಳಿದವರು, ಮೋಹಿನಿ. ಸಕ್ಕರೆ ಕಾಯಿಲೆಗೆ ಮದ್ದು ಎಂದು ತಿಳಿದರು. ಸಹಿ ಹಾಕ್.

ಹೆಂಡತಿ ಸಹಿ ಹಾಕಿದಳು. ಚಂದಕ್ಕೇ ಹಾಕಿದಳು.

ಬಸ್ರೂರಿನ ದೊಡ್ಡಮನೆಯ ಜಗಲಿ ಅದು. ಹಿಂದೆ ಇಲ್ಲಿಗೆ ಬಂದವರು ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರು, ಈಗ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಅಂಗಳದಿಂದ ಕುರ್ಚಿಗೆ ಹದಿನಾಲ್ಕು ಹೆಜ್ಜೆ. ನಡೆದು ಮುಗಿಸಲು ಊರಿಗೆ ಐವತ್ತು ವರ್ಷ ಹಿಡಿಯಿತು.

ರವಿರಾಜ್ ಮಾಸ್ಟ್ರು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಬ್ರಹ್ಮಾವರದ ಒಬ್ಬ ಫಾದರ್, ಯೇಸು ಬೆಟ್ಟದ ಮೇಲೆ ಆಡಿದ ಮಾತುಗಳನ್ನು ಗ್ರೀಕಿನಿಂದ ನೇರ ಕುಂದಾಪ್ರ ಕನ್ನಡಕ್ಕೆ ತರುವ ಕೆಲಸ ಹಿಡಿದು, ಭಾಷೆ ನೋಡಿಕೊಡಿ ಎಂದು ಇವರನ್ನು ಕೇಳಿದ್ದರು. ಗ್ರೀಕು ಫಾದರಿಗೆ ಬರುತ್ತದೆ, ಕುಂದಾಪ್ರ ಕನ್ನಡ ಮಾಸ್ಟ್ರಿಗೆ. ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಕ್ರಮ ಇದೆ. ಆ ವಾಕ್ಯವನ್ನು ಎಂದೂ ಕೇಳದವರ ಮುಂದೆ ಓದಬೇಕು. ಅವರಿಗೆ ಏನು ಅರ್ಥವಾಯಿತೋ ಅದನ್ನು ಅವರ ಬಾಯಲ್ಲೇ ಹೇಳಿಸಿ, ಹೇಳಿದ ಹಾಗೇ ಬರೆದು, ಸಹಿ ಹಾಕಿಸಬೇಕು. ಓದಿದವನು ವಿವರಿಸಬಾರದು, ವಾದಿಸಬಾರದು. ಮೂವತ್ತನಾಲ್ಕು ವರ್ಷ ವಿವರಿಸಿಯೇ ಉಂಡ ಮನುಷ್ಯನಿಗೆ ಇದು ಉಪವಾಸಕ್ಕಿಂತ ಕಷ್ಟ.

ಇಡೀ ಪುಸ್ತಿಕೆ ಮುಗಿದಿತ್ತು. ಒಂದು ವಾಕ್ಯ ಮಾತ್ರ ಮೂರು ಸಲ ಕೆಂಪು ಗೆರೆ ಹೊತ್ತು ಬ್ರಹ್ಮಾವರದಿಂದ ವಾಪಸು ಬಂದಿತ್ತು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಅದು ಸರಿಯಾಗದಿದ್ದರೆ ಇವರ ಜೊತೆಗೆ ಭಾಷೆ ನೋಡುತ್ತಿರುವ ಬೈಂದೂರಿನ ವೆಂಕಟನ ಕೈಗೆ ಹೋಗುತ್ತದೆ. ಆಗ ಮುಖಪುಟದಲ್ಲಿ ‘ಭಾಷೆ ನೋಡಿದವರು’ ಎಂದು ವೆಂಕಟನ ಹೆಸರೊಂದೇ ಇರುತ್ತದೆ. ರವಿರಾಜರ ಹೆಸರು ಒಳಗೆ, ಟೀ ಕಾಸಿಕೊಟ್ಟವರ ಸಾಲಿಗೆ ಇಳಿಯುತ್ತದೆ.

ಮೋಹಿನಿ: ಹೋರೆ ಹೋಯ್ಲಿ ಬಿಡಿ. ವೆಂಕಟ ನಿಮ್ಮೊಟ್ಟಿಗೇ ಕೆಲ್ಸ ಮಾಡದ್ದಲ್ದಾ?

ರವಿರಾಜ್: ಒಟ್ಟಿಗ್ ಮಾಡದ್ದಕ್ಕೇ ಹೇಳುದ್. ಅವಂಗೆ ಅಲ್ಪಪ್ರಾಣ ಮಹಾಪ್ರಾಣ ಎರಡೂ ಒಂದೇ. ಅಂಥವ್ನ ಹೆಸ್ರ್ ಮೇಲೆ, ನನ್ದ್ ಒಳ್ಗೆ. ಅದಾಪ್ಕಾಗ ಅಂದೇಳಿಯೇ ನಾ ಫಾದರಿಗೆ ಕಾಗ್ದ ಬರ್ದದ್ದ್, ಹೆಸ್ರ್ ಅಕ್ಷರಮಾಲೆ ಪ್ರಕಾರ ಹಾಕ್ಕ್ ಅಂದೇಳಿ.

ಮೋಹಿನಿ: ‘ವ’ಕ್ಕಿಂತ ಮುಂಚೆ ‘ರ’ ಬತ್ತ್ ಅಲ್ದಾ, ಅದ್ಕೆ.

ರವಿರಾಜ್: ಅಕ್ಷರಮಾಲೆ ನಾ ಮಾಡದ್ದಲ್ಲ.

ಮೋಹಿನಿ: ಕಾಗ್ದ ಬರ್ದದ್ದ್ ನೀವೇ. ಅದಿರ್ಲಿ, ಆ ಗ್ರೀಕ್ ಶಬ್ದ ಎಂತ ಅಂಬ್ರ್?

ರವಿರಾಜ್: ಅಂಗರೆವೊ.

ಮೋಹಿನಿ: ಅಂದ್ರೆ?

ಮಾಸ್ಟ್ರು ಕನ್ನಡಕ ಏರಿಸಿ ಫಾದರ್ ಬರೆದುಕೊಟ್ಟ ಟಿಪ್ಪಣಿ ತೆಗೆದರು.

ರವಿರಾಜ್: ಹಿಂದೆ ಪರ್ಷಿಯಾದಗೆ ರಾಜನ ಟಪಾಲ್ ತಕಂಡ್ ಹೋಪವ್ರ್ ಇದ್ದಿದ್ರಂಬ್ರ್. ದಾರಿ ಮೇಲೆ ಸಿಕ್ಕದ್ ಜನ ಆಯ್ಲಿ, ಕುದ್ರಿ ಆಯ್ಲಿ, ಕತ್ತೆ ಆಯ್ಲಿ, ಹಿಡ್ದ್ ಕೆಲ್ಸ ಮಾಡ್ಸುಕೆ ಅವ್ರಿಗ್ ಹಕ್ಕ್. ಕಡಿಗೆ ರೋಮಿನ ಸಿಪಾಯಿಗಳೂ ಅದನ್ನೇ ಕಲ್ತ್ರ್. ಗದ್ದಿ ಹೂಡ್ತಾ ಇಪ್ಪವ್ನನ್ನ ಕರ್ದ್, ಹೊರ್ ಈ ಗಂಟ್, ಬಾ ಒಂದ್ ಮೈಲಿ ಅಂದ್ರೆ, ಹೊರ್ಕ್. ಶಿಲುಬೆ ಹೊರುಕೆ ದಾರಿಯಗೆ ಹೋಪ ಒಬ್ಬನ್ನ ಹಿಡ್ದ್ರಲ್ಲ, ಅಲ್ಲೂ ಇದೇ ಶಬ್ದ ಅಂಬ್ರ್.

ಮೋಹಿನಿ: ಕೂಲಿ?

ರವಿರಾಜ್: ಇಲ್ಲೆ.

ಮೋಹಿನಿ: ಆತಿಲ್ಲೆ ಅಂದ್ರೆ?

ರವಿರಾಜ್: ಪೆಟ್ಟ್.

ಮೋಹಿನಿ: ಇದ್ಕೆ ನಮ್ಮೂರಂಗೆ ಶಬ್ದ ಇಲ್ಯಾ?

ಮಾಸ್ಟ್ರು ಮಾಡಿನ ಹಂಚು ನೋಡಿದರು. ಮೋಹಿನಿ ಮಾಸ್ಟ್ರನ್ನು ನೋಡಿದಳು. ಶಬ್ದ ಇಬ್ಬರಿಗೂ ಗೊತ್ತು. ಊಟದ ಹೊತ್ತಿಗೆ ಕಕ್ಕಸಿನ ಸುದ್ದಿ ಎತ್ತದ ಹಾಗೆ, ಆ ಮನೆಯಲ್ಲಿ ಆ ಶಬ್ದವನ್ನು ಯಾರೂ ಎತ್ತುವುದಿಲ್ಲ, ಅಷ್ಟೆ.

ರವಿರಾಜ್: ಒತ್ತಾಯ.

ಮೋಹಿನಿ: ಒತ್ತಾಯ ಅಂದ್ರೆ ಉಂಬುಕೆ ಕೂಕಂಡವ್ರ ಬಾಳಿ ಎಲಿಗೆ ಹೋಳ್ಗಿ ಬಡ್ಸುದ್. ಅದ್ಕೆ ಯಾರೂ ಪೆಟ್ಟ್ ಕೊಡುದಿಲ್ಲೆ.

ಗೇಟಿನ ಹೊರಗೆ ಸ್ಕೂಟರಿನ ಹಾರ್ನು ಎರಡು ಸಲ ಕೇಳಿತು. ಕೋಡಿಯ ಜಲಜ. ಹಿಂದಿನ ಸೀಟಿಗೆ ಮೀನಿನ ಪೆಟ್ಟಿಗೆ ಬಿಗಿದು, ತಲೆಗೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಬಿಸಿಲಿಗೆ ಟವೆಲು. ಹನ್ನೆರಡು ವರ್ಷದಿಂದ ಈ ಮನೆಗೆ ಮೀನು ಹಾಕುವವಳು.

ಜಲಜ: ಹ್ವಾಯ್ ಅಮ್ಮ, ಬಂಗ್ಡಿ ಇತ್ತ್, ಕಾಣಿ ಮೀನ್ ಇತ್ತ್. ಪಾತ್ರ ತಕಂಡ್ ಬೇಗ ಬನ್ನಿ, ಮಾಷ್ಟ್ರ್ ಕಾಂಬುಕ್ ಮುಂಚೆ.

ರವಿರಾಜ್: ಜಲಜ, ಐದ್ ನಿಮಿಷ. ಬಾ, ಕೂಕೋ.

ಜಲಜ: ಕಂಡ್ರ್.

ರವಿರಾಜ್: ಒಂದೇ ವಾಕ್ಯ. ನೀ ಮುಂಚೆ ಕೇಣದೇ ಇಪ್ಪ ವಾಕ್ಯವೇ ಆಯ್ಕ್, ಅದ್ಕೆ ಇಷ್ಟ್ ದಿನ ಇದನ್ನ್ ನಿಂಗೆ ಓದದ್ದಿಲ್ಲೆ.

ಜಲಜ: ಮಾಷ್ಟ್ರೆ, ನಿನ್ನೆ ಐದ್ ನಿಮಿಷ, ಮೊನ್ನೆ ಐದ್ ನಿಮಿಷ, ಆಚಿ ಮೊನ್ನೆ ಐದ್ ನಿಮಿಷ. ನಿಮ್ಮ ಐದ್ ನಿಮಿಷದಗೆ ನನ್ನ ಐಸೆಲ್ಲ ನೀರಾಯಿ, ಕಂಡ್ಲೂರ್ ಮುಟ್ಟತಿಗೆ ಬೂತಾಯಿ ಕಣ್ಣ್ ಕೆಂಪಾಯಿತ್ತ್. ಜನ ಎಂತ ಕೇಂತ್ರ್ ಗೊತ್ತಿತ್ತಾ? ಮೀನಿಗೆ ಮದ್ರಾಸ್ ಕಣ್ಣಾ ಅಂದೇಳಿ ಕೇಂತ್ರ್.

ರವಿರಾಜ್: ಕೇಣ್. ‘ಯಾರಾರೂ ನಿನ್ನನ್ನ್ ಒಂದ್ ಮೈಲಿ ಬಾ ಅಂದೇಳಿ ಒತ್ತಾಯ ಮಾಡಿರೆ, ಅವ್ನೊಟ್ಟಿಗೆ ಎರಡ್ ಮೈಲಿ ಹೋಯ್.’ ಈಗ ನಿಂಗೆಂತ ಅರ್ಥ ಆಯ್ತ್, ನಿನ್ನ ಮಾತಂಗೆ ಹೇಳ್.

ಜಲಜ ಹೆಲ್ಮೆಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಯೋಚಿಸುವಾಗ ಅವಳು ಹಾಗೇ ಮಾಡುವುದು.

ಜಲಜ: ಯಾರೋ ನೆಂಟ್ರ್ ಮನಿಗ್ ಕರ್ದಿರ್. ಬಪ್ಪುದೇ ಬಪ್ಪುದೇ ಅಂದೇಳಿ ಒತ್ತಾಯ ಮಾಡಿರ್. ಅವ್ರ್ ಮನಿ ಒಂದ್ ಮೈಲಿ ಆಚಿಗೆ. ಅಲ್ದಾ?

ರವಿರಾಜ್: ಹಂ. ಮುಂದೆ?

ಜಲಜ: ಮುಂದೆ ಎಂತ? ಎರಡ್ ಮೈಲಿ ಹೋರೆ ಅವ್ರ್ ಮನಿ ದಾಟಿ ಹೋಯ್ತ್. ಊಟ ತಪ್ಪಿತ್. ಹೇಳ್ದವ್ರಿಗೆ ದಾರಿ ಗೊತ್ತಿಲ್ಲೆ, ಇಲ್ದಿದ್ರೆ ಬರ್ದವ್ರಿಗೆ.

ರವಿರಾಜ್: ಊಟಕ್ ಕರ್ದದ್ದಲ್ಲ ಮಾರಾಯ್ತಿ. ಅದ್ ಆ ಕಾಲದಗೆ ಹೆಂಗಂದ್ರೆ...

ಮೋಹಿನಿ: ವಿವರ್ಸುಕಾಗ.

ರವಿರಾಜ್: ಗೊತ್ತಿತ್ತ್. ಸರಿ, ಒತ್ತಾಯ ಬೇಡ. ‘ಬಲವಂತ ಮಾಡಿರೆ’ ಅಂದ್ರೆ?

ಜಲಜ: ಬಲವಂತ ಅಂದ್ರೆ ಸ್ಟೇಷನ್ನಿನ ವಿಷ್ಯ. ಎರಡ್ ಮೈಲಿ ಹೋಪುದೆಂತಕೆ? ಪೋಲಿಸ್ ಸ್ಟೇಷನ್ ಎಷ್ಟ್ ದೂರ ಇತ್ತೋ ಅಷ್ಟೇ ಹೋಯ್ಕ್. ಹೋಯಿ ಕಂಪ್ಲೇಂಟ್ ಕೊಡ್ಕ್.

ರವಿರಾಜ್: ‘ಸೇವೆಗ್ ಕರ್ದ್ರೆ’ ಅಂದ್ರೆ?

ಜಲಜ: ಸೇವೆ ಆರೆ ಮುಂಚೆ ಚೀಟಿ ಮಾಡ್ಸ್ಕ್. ಎರಡ್ ಸೇವೆಗೆ ಎರಡ್ ಚೀಟಿ. ಪ್ರಸಾದ ಇತ್ತಾ?

ಮೋಹಿನಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದವಳು ಅಲ್ಲೇ ನಕ್ಕಳು. ಮಾಸ್ಟ್ರು ಮೂರನ್ನೂ ಬರೆದುಕೊಂಡರು. ಊಟ ತಪ್ಪಿತು. ಕಂಪ್ಲೇಂಟು. ಪ್ರಸಾದ ಇದೆಯೇ. ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು.

ಜಲಜ: ಆಯ್ತಲ್ಲ. ನಾ ಹೋತೆ.

ರವಿರಾಜ್: ಕೂಕೋ. ಇನ್ನೊಂದ್ ಸಲ ಓದ್ತೆ.

ಜಲಜ: ಮಾಷ್ಟ್ರೆ, ನಂಗೆ ಕೆಲ್ಸ ಇತ್ತ್.

ರವಿರಾಜ್: ಇದೂ ಕೆಲ್ಸವೇ. ಭಾಷೆ ಕೆಲ್ಸ. ಕೂಕೋ ಅಂದೆ.

‘ಕೂಕೋ ಅಂದೆ’ ಎಂಬ ಆ ಮಾತು ಸ್ವಲ್ಪ ಗಟ್ಟಿಯಾಗಿಯೇ ಬಂತು. ಅದು ಮಾಸ್ಟ್ರ ದನಿಯಲ್ಲ, ಆ ಜಗಲಿಯದ್ದೇ ಹಳೇ ದನಿ. ಜಲಜ ಕೂರಲಿಲ್ಲ.

ಜಲಜ: ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ನಾಲ್ಕ್ ದಿನ ಆಯ್ತ್, ನನ್ನ ಕೆಲ್ಸ ಬಿಡ್ಸಿ, ದಾರಿ ಮೇಲೆ ಹೋಪವ್ಳನ್ನ ಹಿಡ್ದ್ ಕೂರ್ಸ್ತ್ರಿ. ಕೂಲಿ ಇಲ್ಲೆ, ಒಂದ್ ಲೋಟ ಚಾ ಇಲ್ಲೆ. ಆತಿಲ್ಲೆ ಅಂದ್ರೆ ನಾಳೆಯಿಂದ ಮೀನ್ ಬೇಡ ಅಂತ್ರೋ ಅಂದೇಳಿ ನಂಗೆ ಹೆದ್ರಿಕಿ. ಇದ್ ಒತ್ತಾಯ ಅಲ್ಲ ಮಾಷ್ಟ್ರೆ, ಸೇವೆಯೂ ಅಲ್ಲ. ಇದ್ ಬಿಟ್ಟಿ. ನೀವ್ ನನ್ನ ಬಿಟ್ಟಿ ಹಿಡ್ದದ್ದ್.

ಪೆಟ್ಟಿಗೆಯಿಂದ ಐಸಿನ ನೀರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.

ಮೋಹಿನಿ: ಬರ್ಕಣಿ.

ರವಿರಾಜ್: ಎಂತ?

ಮೋಹಿನಿ: ದಾರಿ ಮೇಲೆ ಹೋಪವ್ರನ್ನ ಹಿಡುದ್, ಕೂಲಿ ಇಲ್ಲೆ, ಆತಿಲ್ಲೆ ಅಂದ್ರೆ ಹೆದ್ರಿಕಿ. ನಿಮ್ಮ ಪರ್ಷಿಯಾದ ಟಪಾಲಿನವ್ರ್ ಮಾಡ್ದದ್ದ್ ಅದನ್ನೇ ಅಲ್ದಾ? ಬರ್ಕಣಿ. ಬಿಟ್ಟಿ.

ರವಿರಾಜ್: ಆ ಶಬ್ದ ಬೇಡ.

ಜಲಜ: ಯಾವ ಶಬ್ದ? ನಾ ಬೈದದ್ದ್.

ರವಿರಾಜ್: ಹಳೇ ಶಾಸನದಗೆ ‘ವಿಷ್ಟಿ’ ಅಂದೇಳಿ ಇತ್ತ್. ಬೇಕಾರೆ ಅದನ್ನ್ ಹಾಕ್ವ.

ಜಲಜ: ಅದ್ ಯಾರಿಗ್ ಅರ್ಥ ಆತ್ತ್?

ರವಿರಾಜ್: ಯಾರಿಗೂ ಇಲ್ಲೆ.

ಮೋಹಿನಿ: ಅದ್ಕೇ ನಿಮ್ಗೆ ಲಾಯ್ಕಾದ್ದ್.

ಮಾಸ್ಟ್ರು ಪೆನ್ನು ಕೆಳಗಿಟ್ಟರು. ಇನ್ನು ಮುಚ್ಚಿಡುವುದರಲ್ಲಿ ಅರ್ಥ ಇರಲಿಲ್ಲ.

ರವಿರಾಜ್: ಬಸ್ರೂರಂಗೆ ಬಿಟ್ಟಿ ಅಂದ್ರೆ ಇವತ್ತೂ ಜನ ಈ ಮನಿ ಮಾಡಿಗ್ ಕೈ ತೋರ್ಸ್ತ್ರ್. ಅಪ್ಪಯ್ಯನ ಕಾಲದಗೆ ಗದ್ದಿಯರಿಂದ ಗದ್ದಿ ಕೆಲ್ಸ, ದೋಣಿಯರಿಂದ ದೋಣಿ ಕೆಲ್ಸ, ಎಲ್ಲ ಬಿಟ್ಟಿ. ಸತ್ಯ. ಈಗ ಮುಖಪುಟದಗೆ ನನ್ನ ಹೆಸ್ರ್, ಒಳ್ಗೆ ಬಿಟ್ಟಿ. ಎರಡನ್ನೂ ಒಟ್ಟಿಗ್ ಓದಿ ನಗಾಡುವವ್ರ್ ಊರ್ ತುಂಬ ಇದ್ರ್.

ಮೋಹಿನಿ: ಹಂಗಾರೆ ಶಬ್ದ ಹಾಕ್ದ್ರೆ ಮನಿ ಹೆಸ್ರ್ ಹೋತ್ತ್. ಹಾಕ್ದಿದ್ರೆ ನಿಮ್ಮ ಹೆಸ್ರ್ ಹೋತ್ತ್.

ರವಿರಾಜ್: ಅಷ್ಟೇ.

ಮೋಹಿನಿ: ಕುಶಾಲ್ ಇತ್ತ್.

ಫೋನು ಬಡಿಯಿತು. ಬ್ರಹ್ಮಾವರದ ಫಾದರ್. ಮಾಸ್ಟ್ರ ಕೈ ಹೋಗುವ ಮೊದಲೇ ಮೋಹಿನಿ ಸ್ಪೀಕರ್ ಒತ್ತಿ ಫೋನನ್ನು ಬಂಗುಡೆಯ ಪಾತ್ರೆಯ ಪಕ್ಕಕ್ಕೆ ಇಟ್ಟಳು.

ಫಾದರ್: ಮಾಸ್ಟ್ರೇ, ಪ್ರೆಸ್ಸಿನವರು ನನ್ನ ಮುಂದೆಯೇ ಕೂತಿದ್ದಾರೆ. ಅಂಗರೆವೊ ಏನಾಯ್ತು? ವೆಂಕಟ ಮಾಸ್ಟ್ರಿಗೆ ಕಳಿಸಲಾ?

ರವಿರಾಜ್: ಇಲ್ಲ ಫಾದರ್, ಒಂದು ಶಬ್ದ ಉಂಟು, ಆದರೆ ಅದು ಸ್ವಲ್ಪ...

ಜಲಜ: ಬಿಟ್ಟಿ ಹಿಡುದ್, ಫಾದರ್. ನಾ ಮೀನಿನ ಜಲಜ. ನಾನೇ ಹೇಳದ್ದ್.

ಆ ಕಡೆ ಫಾದರ್ ಮೇಜಿಗೆ ಕೈ ಬಡಿದದ್ದು ಬಸ್ರೂರಿಗೆ ಕೇಳಿತು.

ಫಾದರ್: ಇದೇ. ಇದೇ ಶಬ್ದ. ಮೂರು ವಾರ ಎಲ್ಲಿ ಅಡಗಿಸಿ ಇಟ್ಟಿದ್ರಿ ಮಾಸ್ಟ್ರೇ? ಆದರೆ ಅರ್ಧ ಆಯ್ತು, ಅಷ್ಟೆ. ಎರಡನೇ ಮೈಲಿ ಯಾಕೆ ಅಂತ ಕೇಳಿದವರಿಗೆ ಹೊಳೀಬೇಕು. ಹೊಳೀದಿದ್ರೆ ವಾಕ್ಯ ಪಾಸಿಲ್ಲ. ಓದಿ, ನಾನು ಕೇಳ್ತಾ ಇರ್ತೇನೆ.

ಮಾಸ್ಟ್ರು ಓದಿದರು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಓದಿದರು.

ರವಿರಾಜ್: ‘ಯಾರಾರೂ ನಿನ್ನನ್ನ್ ಬಿಟ್ಟಿ ಹಿಡ್ದ್ ಒಂದ್ ಮೈಲಿ ಕರ್ಕಂಡ್ ಹೋರೆ, ನೀ ಅವ್ನೊಟ್ಟಿಗೆ ಎರಡ್ ಮೈಲಿ ಹೋಯ್.’

ಜಲಜ: ಓ, ಇದಾ. ಇದ್ ನಂಗ್ ಗೊತ್ತಿತ್ತ್. ನಮ್ಮಪ್ಪಯ್ಯ ಮಾಡದ್ದೇ ಇದ್.

ಮೋಹಿನಿ: ಮುತ್ತಣ್ಣ? ಎಂತ ಮಾಡಿರ್?

ಜಲಜ: ಬೇಡ ಬಿಡಿ. ಈ ಮನಿ ವಿಷ್ಯವೇ ಅದ್.

ಫಾದರ್: ಹೇಳಿ, ಹೇಳಿ. ಯಾರೂ ಅಡ್ಡ ಬಾಯಿ ಹಾಕಬಾರದು. ನಿಯಮ ನೆನಪುಂಟಲ್ಲ ಮಾಸ್ಟ್ರೇ?

ಜಲಜ ಈಗ ತಾನಾಗಿಯೇ ಕೂತಳು.

ಜಲಜ: ಡಿಕ್ಲರೇಶನ್ ಕಾಲ. ಉಳುವವ್ರಿಗೇ ಗದ್ದಿ ಅಂದೇಳಿ ಕಾನೂನ್ ಬಂದ್, ಒಕ್ಕಲೆಲ್ಲ ಅರ್ಜಿ ಹಾಕಿದ್ರಲ್ಲ. ಕುಂದಾಪ್ರದಗೆ ವಿಚಾರಣೆ. ದೊಡ್ಡೊಡೇರಿಗೆ, ಅಂದ್ರೆ ನಿಮ್ಮ ಅಪ್ಪಯ್ಯಂಗೆ, ಹೋಯಿ ತಕರಾರ್ ಹೇಳ್ಕ್. ಬಸ್ಸಿತ್ತ್, ಆರೆ ಬಸ್ಸಂಗೆ ಒಕ್ಕಲ್ ಜನ ಸೀಟಿನ ಮೇಲೆ ಕೂಕಂಡಿರ್ತ್ರ್. ಒಡೇರ್ ಅವ್ರ ಬದಿಯಂಗೆ ಕೂಕಂಬುದ್ ಹೆಂಗೆ? ಅದ್ಕೆ ನಮ್ಮಪ್ಪಯ್ಯನ ದೋಣಿ, ಬಿಟ್ಟಿ.

ರವಿರಾಜ್: ಗೊತ್ತಿತ್ತ್. ಆ ದಿನ ಇಳಿತ ಜೋರಾಯಿ, ದೋಣಿಯನ್ನ ಕುಂದಾಪ್ರ ದಾಟ್ಸಿ ಅಳಿವೆಗೆ, ಕಡ್ಲ್ ಬಾಯಿಗೆ, ಎಳ್ಕಂಡ್ ಹೋಯ್ತ್. ಅಪ್ಪಯ್ಯ ಮುಟ್ಟತಿಗೆ ವಿಚಾರಣೆ ಮುಗ್ದಿತ್ತ್. ತಕರಾರಿಲ್ಲ ಅಂದೇಳಿ ಬರ್ದ್ ಹನ್ನೊಂದ್ ಒಕ್ಕಲಿಗೆ ಗದ್ದಿ ಕೊಟ್ರ್. ನಮ್ಮನಿಯಗೆ ಎಲ್ರಿಗೂ ಗೊತ್ತಿಪ್ಪ ಕತಿ.

ಮೋಹಿನಿ: ಪ್ರತಿ ಶ್ರಾದ್ಧಕ್ಕೂ ಕೇಂತೆ. ಹಾಳ್ ಇಳಿತ, ಹಾಳ್ ಇಳಿತ ಅಂದೇಳಿ.

ಜಲಜ: ಕುಂದಾಪ್ರದ ತನ್ಕ ಇಳಿತವೇ. ಆರೆ ಅಲ್ಲಿ ಮುಟ್ಟತಿಗೆ ಇಳಿತ ಮುಗ್ದ್ ಭರತ ಹಿಡ್ದಿತ್ತ್. ಕಡ್ಲ್ ನೀರ್ ಹೊಳಿ ಒಳ್ಗೆ ಬಪ್ಪ ಹೊತ್ತ್. ಮಾಷ್ಟ್ರೆ, ಭರತದಗೆ ದೋಣಿ ತನ್ನಷ್ಟಕ್ಕೇ ಹೋರೆ ಎಲ್ಲಿಗ್ ಹೋಯ್ಕ್?

ರವಿರಾಜ್: ತಿರ್ಗಿ ಬಸ್ರೂರಿಗೆ.

ಜಲಜ: ದೋಣಿ ಹೋದ್ದೆಲ್ಲಿಗೆ?

ರವಿರಾಜ್: ಅಳಿವೆಗೆ.

ಹೇಳಿದ ಮೇಲೆ ಮಾಸ್ಟ್ರಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ನಲವತ್ತೆಂಟು ವರ್ಷ ಮನೆಯವರೆಲ್ಲ ಬಯ್ದ ಇಳಿತ ಆ ಹೊತ್ತಿಗೆ ಹೊಳೆಯಲ್ಲೇ ಇರಲಿಲ್ಲ.

ಜಲಜ: ನೀರಿಗ್ ಎದುರು ಹುಟ್ಟ್ ಹಾಕಿ ಹಾಕಿ ನಮ್ಮಪ್ಪಯ್ಯನ ರಟ್ಟಿ ಬಿದ್ ಹೋಯಿತ್ತಂಬ್ರ್. ಮೂರ್ ದಿನ ಮೀನಿಗ್ ಹೋಯ್ಲಿಲ್ಲೆ.

ಮೋಹಿನಿ: ಎಂತಕೆ ಹಂಗ್ ಮಾಡಿರ್?

ಜಲಜ: ಮುಂಚಿನ್ ದಿನ ಕೋಡಿಯಿಂದ ಕರ್ಸಿ, ರಾತ್ರಿಯಿಡೀ ಇಲ್ಲೇ ಹೊಳಿ ಬದಿಯಂಗೆ ಕಾಯ್ಸಿದ್ರ್. ಗಂಜಿಗೂ ಕರೀಲಿಲ್ಲೆ. ಅದಾರೂ ಹೋಯ್ಲಿ. ಕುಂದಾಪ್ರದಗೆ ಇಳುಕೆ ಎದ್ದ್ ನಿಂತ ಒಡೇರ್, ಸಂಜಿ ತನ್ಕ ಇಲ್ಲೇ ಬಿದ್ಕಂಡಿರ್, ವಾಪಸ್ ಹೋಯ್ಕ್ ಅಂದ್ರ್. ಅಪ್ಪಯ್ಯ ದೋಣಿ ಕಟ್ಲಿಲ್ಲೆ. ಇಲ್ಲಿ ತನ್ಕ ನೀವ್ ಹೇಳದ್ದಕ್ಕೆ ಬಂದೆ ಒಡೇರೆ, ಇನ್ ಮುಂದೆ ನಾನಾಯಿ ಬತ್ತೆ ಅಂದ. ಹುಟ್ಟ್ ಹಾಕ್ದ.

ಫೋನಿನಲ್ಲಿ ಫಾದರ್ ಉಸಿರು ಮಾತ್ರ ಕೇಳುತ್ತಿತ್ತು. ಪ್ರೆಸ್ಸಿನವರೂ ಹತ್ತಿರ ಬಂದಿರಬೇಕು, ಉಸಿರು ಒಬ್ಬರದ್ದಲ್ಲ.

ರವಿರಾಜ್: ಅಪ್ಪಯ್ಯ ಎಂತ ಹೇಳ್ರ್?

ಜಲಜ: ಮುಂಚೆ ಬೈದ್ರಂಬ್ರ್. ಹೊಡಿತೆ ಅಂದ್ರಂಬ್ರ್. ಆರೆ ಹೊಡುಕೆ ಎದ್ದ್ ನಿಲ್ಕ್, ನಿಂತ್ರೆ ದೋಣಿ ಆಡತ್ತ್. ಕೊಡೆ ಬಿಡ್ಸಿದ್ದೇ ಗಾಳಿಗ್ ಮಗ್ಚಿ ಹೋಯ್ತ್. ಅಳಿವೆ ತೆರಿ ಒಂದ್ ಬಡ್ದದ್ದೇ, ಫೈಲ್ ತಬ್ಕಂಡ್ ಕೆಳ್ಗ್ ಕೂಕಂಡ್ರ್. ಸಾಕ್ ಮುತ್ತ, ತಿರ್ಗ್ಸ್ ಮಾರಾಯ ಅಂದ್ರಂಬ್ರ್. ಅವ್ರ್ ಅಪ್ಪಯ್ಯನ್ನ ಹೆಸ್ರ್ ಹಿಡ್ದ್ ಕರ್ದದ್ದ್ ಅದೇ ಸುರು. ಅಲ್ಲಿ ತನ್ಕ ಹ್ವಾಯ್ ಅಂಬುದೂ ಇಲ್ಲೆ, ಬರೀ ‘ಏಯ್’. ಮತ್ತೆ ಕಾಲ್ ಹಿಡ್ದ್ರ್.

ರವಿರಾಜ್: ಕಾಲ್ ಹಿಡ್ದ್ರಾ?

ಜಲಜ: ದೋಣಿಯಗೆ ಹಿಡುಕೆ ಬೇರೆ ಎಂತ ಇರತ್ತ್ ಮಾಷ್ಟ್ರೆ?

ಮೋಹಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸತ್ತ ಮಾವನ ವಿಷಯ, ನಗಬಾರದು. ಭುಜ ಮಾತ್ರ ಕುಣಿಯುತ್ತಿತ್ತು.

ರವಿರಾಜ್: ಅಪ್ಪಯ್ಯಂಗೆ ಈಜ್ ಬತ್ತಿರ್ಲಿಲ್ಲೆ. ಮುತ್ತಂಗೆ ಗೊತ್ತಿದ್ದಿತ್ತಾ?

ಜಲಜ: ಗೊತ್ತಿದ್ದಿತ್ತ್. ಅದ್ಕೇ ಅಳಿವೆ ಬಾಯಂಗೆ ತಿರ್ಗ್ಸಿದ. ಮುಳ್ಗ್ಸುಕೆ ಆರೆ ಇನ್ನೊಂದ್ ಫರ್ಲಾಂಗ್ ಸಾಕಿತ್ತ್. ಕುಂದಾಪ್ರದಗೆ ಕೈ ಹಿಡ್ದೇ ಇಳ್ಸಿದ. ಕೊಡೆಯೂ ಮಡ್ಸಿ ಕೊಟ್ಟ. ಅಲ್ಲಿಂದ ಮುಂದೆ ಈ ಮನಿಯವ್ರ್ ಯಾರೂ ದೋಣಿಯರನ್ನ ಬಿಟ್ಟಿ ಕರೀಲಿಲ್ಲೆ. ಬಸ್ಸಂಗೆ ಹೋದ್ರ್.

ರವಿರಾಜ್: ಇಷ್ಟ್ ವರ್ಷ ನೀವ್ಯಾರೂ ಹೇಳದ್ದಿಲ್ಲೆ.

ಜಲಜ: ದೊಡ್ಡೊಡೇರ್ ಇಳಿತ ಅಂದೇಳಿ ಊರಿಗ್ ಹೇಳ್ರ್. ಅವ್ರ್ ಇಪ್ಪು ತನ್ಕ ಹಂಗೇ ಇರ್ಲಿ ಅಂದ ಅಪ್ಪಯ್ಯ. ಅವ್ರ್ ಹೋದ್ ಮೇಲೆ ಯಾರೂ ಕೇಣ್ಲಿಲ್ಲೆ. ಈಗ ನೀವ್ ಹಿಡ್ದ್ ಕೂರ್ಸಿ ಕೇಂಡ್ರಿ.

ಫಾದರ್: ಮಾಸ್ಟ್ರೇ, ಪಾಸು. ನಾನು ಗ್ರೀಕು ಓದಿದ್ದು ಒಂಬತ್ತು ವರ್ಷ. ಮೊದಲನೇ ಮೈಲಿ ಹಿಡಿದವನದ್ದು, ಎರಡನೇ ಮೈಲಿ ಹೊತ್ತವನದ್ದು ಅಂತ ಪುಸ್ತಕದಲ್ಲಿ ಓದಿದ್ದೆ. ಅರ್ಥ ಆದದ್ದು ಇವತ್ತೇ. ಈಗ ಹೇಳಿ, ಬಿಟ್ಟಿ ಅಂತ ಹಾಕಲಾ? ನಿಮ್ಮ ಮನೆ, ನಿಮ್ಮ ಶಬ್ದ. ಬೇಡ ಅಂದ್ರೆ ವೆಂಕಟ ಮಾಸ್ಟ್ರು ಒಂದು ‘ಆಗ್ರಹ’ ಅಂತ ಕಳಿಸಿದ್ದಾರೆ.

ರವಿರಾಜ್: ಆಗ್ರಹ? ಬೈಂದೂರಂಗೆ ಯಾರ್ ಅಂತ್ರ್ ಆಗ್ರಹ? ಅವ್ನ ಅಜ್ಜಿ ಅಂದಿದ್ಲಾ?

ಮಾಸ್ಟ್ರು ಎದ್ದು ಜಗಲಿಯ ತುದಿಗೆ ಹೋದರು, ವಾಪಸು ಬಂದರು. ಅಪ್ಪನ ಮಾನ ಒಂದು ಕಡೆ, ವೆಂಕಟನ ಆಗ್ರಹ ಇನ್ನೊಂದು ಕಡೆ. ಸತ್ಯವನ್ನು ಒಪ್ಪಲು ಮನುಷ್ಯನಿಗೆ ದೊಡ್ಡ ಮನಸ್ಸೇ ಬೇಕೆಂದೇನಿಲ್ಲ, ಒಬ್ಬ ಎದುರಾಳಿ ಇದ್ದರೂ ಸಾಕು.

ರವಿರಾಜ್: ಹಾಕಿ ಫಾದರ್. ಬಿಟ್ಟಿ ಅಂತಲೇ ಹಾಕಿ.

ಗಡಿಯಾರ ಹನ್ನೊಂದೂ ಐವತ್ತು. ಮಾಸ್ಟ್ರು ಕುರ್ಚಿಗೆ ಒರಗಿ ಉಸಿರು ಬಿಟ್ಟರು.

ರವಿರಾಜ್: ಆಯ್ತ್ ಜಲಜ. ಇಲ್ಲೊಂದ್ ಸಹಿ ಹಾಕಿ ನೀ ಹೊರಡ್.

ಜಲಜ: ಎಂತಕೆ? ಒಂದ್ ವಾಕ್ಯಕ್ಕೆ ನೀವ್ ಕೂರ್ಸದ್ದ್. ಇನ್ನೊಂದಕ್ಕೆ ನಾನಾಯಿ ಕೂಕಂತೆ. ಓದಿ ಮುಂದಿನದ್ದ್.

ರವಿರಾಜ್: ನಿನ್ನ ಐಸ್ ಕರಗತ್ತ್ ಮಾರಾಯ್ತಿ.

ಜಲಜ: ಅದ್ ನನ್ನ ಐಸ್.

ಫಾದರ್: ಓದಿ ಮಾಸ್ಟ್ರೇ, ಮುಂದಿನದ್ದು ಚಿಕ್ಕದೇ.

ರವಿರಾಜ್: ‘ಕೇಂಡವ್ರಿಗೆ ಕೊಡ್. ಬೇಕ್ ಅಂದೇಳಿ ಬಂದವ್ರಿಗೆ ಬೆನ್ನ್ ತಿರ್ಗ್ಸ್‌ಬೇಡ.’ ಆಯ್ತ್. ಇದ್ರಂಗೆ ಎಂತ ಅರ್ಥ ಆಪ್ದ್ ಇತ್ತ್?

ಜಲಜ: ಅರ್ಥ ಆಯ್ತ್. ನನ್ನ ಮಾತಂಗೆ ಹೇಳ್ಕ್ ಅಲ್ದಾ?

ರವಿರಾಜ್: ಹೇಳ್.

ಜಲಜ: ನಂಗ್ ಒಂದ್ ಬೇಕ್. ಆ ಶಬ್ದ ನಂದಲ್ಲ, ಅಪ್ಪಯ್ಯಂದ್. ಅರ್ಥವೂ ಅವಂದೇ. ಪುಸ್ತಕದ ಮುಖದ ಮೇಲೆ ಅವ್ನ ಹೆಸ್ರ್ ಹಾಕಿ. ಎಪ್ಪತ್ತಾರ್ ವರ್ಷ ಆಯ್ತ್ ಅವಂಗೆ, ರೇಷನ್ ಕಾರ್ಡ್ ಬಿಟ್ರೆ ಎಲ್ಲೂ ಅಚ್ಚ್ ಆಯ್ಲಿಲ್ಲೆ ಆ ಹೆಸ್ರ್.

ಮಾಸ್ಟ್ರು ಎದ್ದು ಬೆನ್ನು ತಿರುಗಿಸಲು ಹೊರಟರು. ಕೈಯಲ್ಲಿ ಆಗ ತಾನೇ ಓದಿದ ಹಾಳೆ ಇತ್ತು. ಅರ್ಧಕ್ಕೇ ನಿಂತರು.

ರವಿರಾಜ್: ಆಯ್ತ್. ಹಾಕ್ವ. ಕಡಿಗೆ, ಕೆಳ್ಗೆ ಒಂದ್ ಬದಿಯಂಗೆ. ಮೊದ್ಲ್ ನಂದ್, ಮತ್ತೆ ವೆಂಕಟಂದ್, ಅದ್ರ ಕೆಳ್ಗೆ ಮುತ್ತ.

ಫಾದರ್: ಹಾಗೆ ಆಗೋದಿಲ್ಲ ಮಾಸ್ಟ್ರೇ. ನಿಮ್ಮ ಕಾಗದ ನನ್ನ ಫೈಲಿನಲ್ಲೇ ಉಂಟು. ಹೆಸರು ಅಕ್ಷರಮಾಲೆ ಪ್ರಕಾರ ಹಾಕಬೇಕು, ಯಾರಿಗೂ ವಿನಾಯಿತಿ ಕೂಡದು ಅಂತ ಅಡಿಗೆರೆ ಎಳೆದು ಬರೆದಿದ್ದೀರಿ.

ಮಾಸ್ಟ್ರ ತುಟಿ ಸದ್ದಿಲ್ಲದೆ ಅಲ್ಲಾಡಿತು. ಪ, ಫ, ಬ, ಭ. ಮುಂದಿನ ಅಕ್ಷರಕ್ಕೆ ತುಟಿ ಮುಚ್ಚಿಕೊಂಡಿತು, ತೆರೆಯಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಂದ ಕೂಗಿಸಿದ ಅಕ್ಷರಮಾಲೆ ಅದು, ಅದರಲ್ಲಿ ಮುತ್ತ ಮುಂದೆ, ದೊಡ್ಡಮನೆ ಹಿಂದೆ. ಅವರು ನಿಂತಲ್ಲೇ ಜಗಲಿಯ ಕಂಬ ತಬ್ಬಿಕೊಂಡರು.

ರವಿರಾಜ್: ಸಾಕ್ ಜಲಜ. ಹೋಯ್ ಮಾರಾಯ್ತಿ, ನಿನ್ನ ಕಾಲಿಗ್ ಬೀಳ್ತೆ.

ಜಲಜ: ಮೂರನೇ ವಾಕ್ಯ ಇಲ್ಯಾ ಮಾಷ್ಟ್ರೆ?

ಮೋಹಿನಿ: ಹ್ವಾಯ್, ಆ ಕಂಬ ಎಂತಕ್ ತಬ್ಕಂಡಿರಿ? ಅಳಿವೆ ಇನ್ನೂ ಬರ್ಲಿಲ್ಲೆ.